ಅತ್ತೆಯ ಕವಡೆ, ಅಳಿಯನ ಕಂಪ್ಯೂಟರ್

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಡಾಕ್ಟರು ಪ್ಲಾಸ್ಟರ್ ಹಾಕಿ, "ಆರು ವಾರ ಈ ಕೈ ಅಲ್ಲಾಡಬಾರದು" ಎಂದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಕವಡೆ ಹಾಕ್ಬೋದಾ?"

ಹಾಕುವಂತಿರಲಿಲ್ಲ.

ಇದು ಸಣ್ಣ ಸುದ್ದಿಯಲ್ಲ. ಆಂಧ್ರದ ಗಡಿಯ ನಾಗಲಮಡಿಕೆ ಕಡೆಯಿಂದ ಮಧುಗಿರಿಗೆ ನಮ್ಮ ಜೊತೆ ಇರಲು ಬಂದಾಗ ಅತ್ತೆ ತಂದದ್ದು ಒಂದು ಸೀರೆ ಗಂಟು, ನಾಲ್ಕು ಕವಡೆ. ಪ್ರತಿ ಮಧ್ಯಾಹ್ನ ಪಕ್ಕದ ಮನೆ ಖುರ್ಷಿದಮ್ಮನ ಜೊತೆ ಚೌಕಾಬಾರ. ಖುರ್ಷಿದಮ್ಮ ಶಿರಾದವರು, ಸೋಲನ್ನು ಸುಲಭಕ್ಕೆ ಒಪ್ಪುವವರಲ್ಲ. ಆ ಆಟ ನಿಂತದ್ದೇ ತಡ, ಅತ್ತೆಯ ಸಮಸ್ತ ಗಮನ ನನ್ನ ಮೇಲೆ ಬಿತ್ತು. ನಾನು ಪಂಚೆ ಉಡುವ ರೀತಿ, ಅನ್ನ ಕಲಸುವ ರೀತಿ, ಕೊನೆಗೆ ಉಸಿರಾಡುವ ರೀತಿ!

"ಎಡಗೈಲಿ ಹಾಕಿ ಅತ್ತೆ" ಎಂದೆ.

"ಎಡಗೈಲಿ ಕವಡೆನಾ? ಅಯ್ಯೋ ದೇವುಡಾ! ಮೇಷ್ಟ್ರಾಗಿ ಆಡೋ ಮಾತೇನ್ರೀ ಅಳಿಯಂದ್ರೇ?"

ಹೀಗೆ ಗದರಿದವರೇ ಮಧ್ಯಾಹ್ನವಾದರೆ ಕವಡೆ ಕಟ್ಟಿದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದರು. ನನ್ನ ಕರುಳು ಚುರ್ ಎಂದಿತು. ಕರುಳು ಚುರ್ ಎಂದಾಗ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ನಾನು ತೆರೆದೆ.

"ಯೋಚನೆ ಬಿಡಿ ಅತ್ತೆ. ಕಂಪ್ಯೂಟರಲ್ಲಿ ಚೌಕಾಬಾರ ಮಾಡಿಕೊಡ್ತೀನಿ. ಗುಂಡಿ ಒತ್ತಿದರೆ ಕವಡೆ ತಾನೇ ಬೀಳ್ತದೆ. ಗುಂಡಿ ಒತ್ತೋಕೆ ಎಡಗೈ ನಡೀತದೆ. ಪ್ಲಾಸ್ಟರ್ ಬಿಚ್ಚೋದರೊಳಗೆ ನೂರು ಆಟ ಆಡಿರ್ತೀರಿ!"

ಐ.ಡಿ.ಹಳ್ಳಿಯ ಹೈಸ್ಕೂಲಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳುವವನಿಗೆ ಇದೂ ಒಂದು ಲೆಕ್ಕವೇ?

ಕಂಪ್ಯೂಟರ್ ಮನೆಯಲ್ಲೇ ಇತ್ತು. ಶಿರಾದಲ್ಲಿ ಬಾಗಿಲು ಮುಚ್ಚಿದ ಬ್ರೌಸಿಂಗ್ ಸೆಂಟರಿನಿಂದ ಭಾವಮೈದ ಹೊತ್ತು ತಂದದ್ದು. ಅಂಗಾತ ಮಲಗಿದ ಡಬ್ಬ, ಅದರ ಹೊಟ್ಟೆಯ ಮೇಲೆ ಟಿವಿಯಂಥ ಮಾನಿಟರ್. ಗುಂಡಿ ಒತ್ತಿ, ಸ್ನಾನ ಮಾಡಿ, ವಿಭೂತಿ ಇಟ್ಟು ಬಂದರೆ ಆಗ ಕಣ್ಣು ಬಿಡುತ್ತಿತ್ತು.

ಇಂಥ ವೃದ್ಧನಿಗೆ ಕೆಲಸ ಹೇಳಲು ಯಾವ ಭಾಷೆ ಆರಿಸುವುದು? ಕಂಪ್ಯೂಟರ್ ಭಾಷೆಗಳು ಹತ್ತಾರು. ನಾನು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿದೆ: ವಯಸ್ಸು, ತೂಕ, ಸ್ವಭಾವ, ಹಳೇ ಮೆಷಿನ್ನಿನೊಂದಿಗೆ ಹೊಂದಾಣಿಕೆ. ನನ್ನ ಹೆಂಡತಿ ರತ್ನ ಇಣುಕಿ ನೋಡಿದಳು.

"ರೀ, ಯಾರಿಗೆ ಹೆಣ್ಣು ನೋಡ್ತಿದ್ದೀರಿ?"

ಅವಳ ಮಾತಲ್ಲಿ ತಪ್ಪಿರಲಿಲ್ಲ. ಜಾವಾ ದೊಡ್ಡ ಮನೆತನದ ಹೆಣ್ಣು. ನಮ್ಮ ಮೆಷಿನ್ನಿನಲ್ಲಿದ್ದ ಜಾಗ ಅವಳ ಟ್ರಂಕಿಗೂ ಸಾಲದು. ಹೊಸ ಪೈಥಾನ್ ಹಳೇ ಮನೆಯ ಹೊಸಿಲನ್ನೇ ತುಳಿಯಲೊಲ್ಲೆ ಎಂದಿತು. 'ಸಿ' ಎಂಬ ಏಕಾಕ್ಷರಿ ಮಹಾ ಮುಂಗೋಪಿ, ಒಂದು ಚಿಹ್ನೆ ಬಿಟ್ಟರೂ ಊಟ ಬಿಡುತ್ತಿತ್ತು. ಕೊರಟಗೆರೆಯ ಜೆರಾಕ್ಸ್ ಅಂಗಡಿ ಗೆಳೆಯ, "ಇಂಟರ್ನೆಟ್ ನೋಡೋ ಬ್ರೌಸರಲ್ಲೇ ಆಡಿಸು, ಅದಕ್ಕೂ ಒಂದು ಭಾಷೆ ಇದೆ" ಎಂದ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ರಾಮಣ್ಣ, "ಬೇಸಿಕ್ ತಗೊಳ್ಳಯ್ಯಾ. ನಮ್ಮ ಕಾಲದ್ದು, ಹೇಳಿದ್ ಮಾತು ಕೇಳ್ತದೆ" ಎಂದರು.

ಈ ಸಲಹೆಗಳ ಪರಿಶೀಲನೆಗೆ, ಪುನರ್ ಪರಿಶೀಲನೆಗೆ ಹತ್ತಿರ ಹತ್ತಿರ ಐದು ವಾರ ಹಿಡಿಯಿತು.

"ಆಯ್ತಾ ಅಳಿಯಂದ್ರೇ?"

"ತುಲನಾತ್ಮಕ ಅಧ್ಯಯನ ನಡೀತಿದೆ ಅತ್ತೆ."

"ನಡೀಲಿ ಬುಡಿ. ನನ್ ಮೂಳೆ ನಿಮಗಿಂತ ಮುಂದೈತೆ!"

ಕೊನೆಗೆ ಅಂಕ ಕೂಡಿದೆ. ಐದಕ್ಕೂ ಸರಿಸಮ! ನಾನು ತಲೆ ಹಿಡಿದು ಕೂತೆ.

"ಅರೇ, ಕವಡೆ ಹಾಕಿ ತೀರ್ಮಾನ ಮಾಡ್ರೀ ಮೇಷ್ಟ್ರೇ" ಎಂದರು ಖುರ್ಷಿದಮ್ಮ.

ಸರಿಯೇ. ನಾಲ್ಕು ಕವಡೆ ಎಸೆದರೆ ಎಷ್ಟು ಅಂಗಾತ ಬೀಳುತ್ತವೋ ಅಷ್ಟು ಲೆಕ್ಕ: ಒಂದು, ಎರಡು, ಮೂರು, ನಾಲ್ಕು. ಎಲ್ಲವೂ ಬೋರಲು ಬಿದ್ದರೆ ಎಂಟು. ಒಟ್ಟು ಐದು ಲೆಕ್ಕ, ಐದು ಭಾಷೆ! ಜಾವಾಗೆ ಗೌರವದಿಂದ ಎಂಟು ಕೊಟ್ಟೆ. ಬೇಸಿಕ್‌ಗೆ ಎರಡು.

"ಅದಕ್ಕೆ ಎರಡು ಇಟ್ರಾ? ಅಂಗಾದ್ರೆ ಅದೇ ಗೆಲ್ತದೆ, ಚೂಡಂಡಿ, ನೋಡ್ತಿರಿ" ಎಂದರು ಅತ್ತೆ.

ಖುರ್ಷಿದಮ್ಮ ಎಸೆದರು. ಎರಡೇ ಬಿತ್ತು! ಕಾಕತಾಳೀಯ ಎಂದುಕೊಂಡೆ. ಆಹಾ, ನನ್ನ ಜಾಣತನವೇ!

ಬೇಸಿಕ್ ನಿಜಕ್ಕೂ ಹೇಳಿದ ಮಾತು ಕೇಳುವ ಹುಡುಗಿ. ಐದೇ ದಿನದಲ್ಲಿ ಮನೆ ಬರೆದೆ, ಕಾಯಿ ಕೂರಿಸಿದೆ. ಕವಡೆ ಬೀಳಿಸುವ ಜಾಗದಲ್ಲಿ ಪರಮ ನ್ಯಾಯವಂತನಾಗಿ, ಒಂದರಿಂದ ಎಂಟರವರೆಗಿನ ಐದೂ ಲೆಕ್ಕಗಳಿಗೆ ಸಮಪಾಲು ಹಂಚಿದೆ.

ಪ್ಲಾಸ್ಟರ್ ಬಿಚ್ಚಲು ಎರಡೇ ದಿನ ಉಳಿದಿತ್ತು. ಲೋಕಾರ್ಪಣೆಗೆ ರತ್ನ ಕಾಫಿ ಮಾಡಿದಳು. ಅತ್ತೆ ಎಡಗೈ ತೋರುಬೆರಳು ಎತ್ತಿ ಸಿದ್ಧರಾಗಿ ಕೂತರು. ಮೊದಲ ಸರದಿ ಖುರ್ಷಿದಮ್ಮನದು. ಒತ್ತಿದರು. ಎಂಟು!

ನಾಲ್ಕೋ ಎಂಟೋ ಬಿದ್ದರೆ ಇನ್ನೊಮ್ಮೆ ಹಾಕಬೇಕು. ಒತ್ತಿದರು. ನಾಲ್ಕು. ಮತ್ತೆ ಎಂಟು. ಮತ್ತೆ ಎಂಟು. ಅತ್ತೆಯ ಬೆರಳು ಗಾಳಿಯಲ್ಲೇ ನಿಂತಿತ್ತು. ಕಾಫಿ ಆರಿತು. ಮತ್ತೆ ನಾಲ್ಕು!

"ತೌಬಾ ತೌಬಾ!" ಖುರ್ಷಿದಮ್ಮನೇ ಹೆದರಿ ಕೈ ಹಿಂದೆಳೆದರು. "ಮೇಷ್ಟ್ರೇ, ನಂಗೆ ಗೆಲ್ಲೋ ಆಸೆ ಇರೋದು ಖರೆ. ಆದ್ರೆ ಹಿಂಗಾ?"

ಕೊನೆಗೂ ಅತ್ತೆಯ ಸರದಿ ಬಂತು. ಬಿದ್ದದ್ದು ಒಂದು.

ಅತ್ತೆ ನನ್ನ ಕಡೆ ತಿರುಗಿದರು. "ಎಂಟು ಎಷ್ಟು ಸಲಕ್ಕೊಮ್ಮೆ ಬೀಳ್ಲಿ ಅಂತ ಹೇಳಿದ್ದೀರಿ ಇದಕ್ಕೆ?"

"ಐದಕ್ಕೂ ಸಮಪಾಲು ಅತ್ತೆ. ನಾನು ಭೇದಭಾವ ಮಾಡೋನಲ್ಲ."

ಅತ್ತೆ ಮಡಿಲ ಬಟ್ಟೆ ಬಿಚ್ಚಿ ನಾಲ್ಕು ಕವಡೆ ನೆಲದ ಮೇಲಿಟ್ಟರು. "ಎಂಟು ಬೀಳಕ್ಕೆ ನಾಲ್ಕೂ ಬೋರಲೇ ಬೀಳ್ಬೇಕು. ಒಂದೇ ದಾರಿ. ಎರಡು ಬೀಳಕ್ಕೆ? ಇವೆರಡು ಅಂಗಾತ ಆದ್ರೂ ಸೈ. ಇದೂ ಅದೂ ಆದ್ರೂ ಸೈ. ಇದೂ ಆ ಕೊನೇದೂ..." ಒಂದೊಂದೇ ಮಗುಚಿ ಮಗುಚಿ ಆರು ತರಹ ತೋರಿಸಿದರು. "ಆರು ದಾರಿ ಇರೋನಿಗೂ ಒಂದು ದಾರಿ ಇರೋನಿಗೂ ಸಮ ಅಂದ್ರೆ ಹೆಂಗ್ರೀ?"

ಓದು ಬಾರದ ಅತ್ತೆ ಹತ್ತನೇ ತರಗತಿಯ ಪಾಠವನ್ನು ನೆಲದ ಮೇಲೆ ಹರಡಿದ್ದರು.

"ಅಮ್ಮಾ, ಎಡಗೈಲಿ ಕವಡೆ ಮುಟ್ಟಿದೀಯ!" ಎಂದಳು ರತ್ನ.

ಅತ್ತೆ ಬೆಚ್ಚಿದರು. ಖುರ್ಷಿದಮ್ಮ ಎದ್ದು ಹೋಗಿ ಅಡುಗೆಮನೆಯಿಂದ ಒಂದು ತೆಂಗಿನ ಚಿಪ್ಪು ತಂದರು. "ಇದರಲ್ಲಿ ಅಲ್ಲಾಡ್ಸಿ ಸುರಿ ಅಕ್ಕಾ. ಹಾಕೋದು ಚಿಪ್ಪು, ಕೈ ಅಲ್ಲ. ದೋಷ ಇದ್ರೆ ಚಿಪ್ಪಿಗೆ!"

ಅತ್ತೆ ಒಂದು ಕ್ಷಣ ಯೋಚಿಸಿ, "ಅದು ಸರಿ" ಎಂದರು.

"ಖುರ್ಷಿದಮ್ಮ, ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದೆ.

"ಮೊದಲ್ನೇ ದಿನಾನೇ ಹೊಳೀತು. ಮೇಷ್ಟ್ರು ಏನೋ ದೊಡ್ಡದು ಮಾಡ್ತಾವ್ರೆ, ಯಾಕ್ ಬೇಜಾರ್ ಮಾಡೋದು ಅಂತ ಸುಮ್ನಿದ್ದೆ."

ಬಗ್ಗದೆ ಆಡಲು ಸಮತಟ್ಟಾದ ಜಾಗ ಬೇಕಿತ್ತು. ಮಾನಿಟರ್ ಎತ್ತಿ ಪಕ್ಕಕ್ಕಿಟ್ಟು, ಡಬ್ಬದ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಬರೆದರು. ಆ ಹಳೇ ಕಂಪ್ಯೂಟರಿನ ಮೇಲೆ ಚೌಕಾಬಾರ ಎಷ್ಟು ಸರಾಗವಾಗಿ ಓಡಿತು ಅಂತೀರಿ!

ಸೋಮವಾರ ಹತ್ತನೇ ತರಗತಿಗೆ 'ಸಂಭವನೀಯತೆ' ಪಾಠವಿತ್ತು. ಇಪ್ಪತ್ತೆರಡು ವರ್ಷದಿಂದ ನಾಣ್ಯ, ದಾಳ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನು ಈ ಸಲ ತಲೆ ತಗ್ಗಿಸಿ ಅತ್ತೆಯ ಮುಂದೆ ನಿಂತು, ಕವಡೆ ಒಂದು ದಿನಕ್ಕೆ ಕೊಡಿ ಎಂದೆ. ಪ್ಲಾಸ್ಟರ್ ಬಿಚ್ಚಿದ ಬಲಗೈಯಲ್ಲಿ ಅತ್ತೆ ಅವನ್ನು ಒಂದೊಂದಾಗಿ ನನ್ನ ಅಂಗೈಗೆ ಹಾಕಿದರು.

"ನಾಲ್ಕೈತೆ. ಮಧ್ಯಾಹ್ನದ ಆಟಕ್ಕೆ ವಾಪಸ್ ಬರ್ಬೇಕು. ಬಂದಾಗ ನಾನೇ ಎಣಿಸ್ಕೊಂತೀನಿ. ನಿಮ್ ಎಣಿಕೆ ಬ್ಯಾಡ ಅಳಿಯಂದ್ರೇ!"