ಆನೆಲಿಯ ಒಳ್ಳೆ ಎಣ್ಣೆ

ಇನ್ನು ಮುಂದೆ ಹೋಟೆಲಿನ ಬೋಂಡ ಬಂದ್! ಆರೋಗ್ಯಕರ ಅಡುಗೆ ತಾನೇ ಮಾಡುವುದು. ಸಾಮಾನನ್ನು ಯಾರ ಹಂಗೂ ಇಲ್ಲದೆ, ಕನ್ನಡದಲ್ಲೇ ಕೇಳಿ ತರುವುದು! 2004ರ ಒಂದು ಶನಿವಾರ ಆನೆಲಿ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದಳು. ಫಿನ್ಲೆಂಡಿನಿಂದ ಕೆಲಸಕ್ಕೆ ಬಂದು, ಹಲಸೂರಿನ ಮುನಿನಾರಾಯಣಪ್ಪನವರ ಮಹಡಿ ಮನೆ ಹಿಡಿದು ಮೂರು ತಿಂಗಳಾಗಿತ್ತು. ಕಲಿತ ಕನ್ನಡ ಮತ್ಯಾವಾಗ ಕೆಲಸಕ್ಕೆ ಬರಬೇಕು?

"ಜೊತೇಗ್ ಬರ್ಲೇನಮ್ಮ?" ಎಂದರು ಮನೆಯೊಡತಿ ಆಂಜನಮ್ಮ.

"ಬೇಡ ಆಂಟಿ. ನನಗೆ ಕನ್ನಡ ಬರುತ್ತದೆ."

ರಸೆಲ್ ಮಾರ್ಕೆಟ್ಟಿನಲ್ಲಿ ಎಲ್ಲ ಸಾಂಗವಾಗಿಯೇ ನಡೆಯಿತು. "ಸೊಪ್ಪು ತಾಜಾ ಇದೆಯೇ?" ಎಂದದ್ದಕ್ಕೆ ಸೊಪ್ಪು ಮಾರುವ ಉಮ್ಮೆ ಕುಲ್ಸುಂ ಮೆಚ್ಚಿ ಒಂದು ಕಟ್ಟು ಕೊತ್ತಂಬರಿ ಪುಕ್ಕಟೆ ಕೊಟ್ಟಳು. ಉಳಿದದ್ದು ಅಡುಗೆ ಎಣ್ಣೆ ಒಂದೇ. ಆನೆಲಿ ಮನೆಯ ಕಡೆಗೆ ಆಟೋ ಹತ್ತಿದವಳೇ ಡ್ರೈವರ್ ಲತೀಫನಿಗೆ ಹೇಳಿದಳು:

"ದಾರಿಯಲ್ಲಿ ಎಣ್ಣೆ ಬೇಕು. ಒಳ್ಳೆಯ ಎಣ್ಣೆ."

ಲತೀಫ್ ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿದ. "ಎಣ್ಣೆ ಅಂದ್ರೆ... ಎಣ್ಣೇನಾ ಮೇಡಂ?"

"ಹೌದು. ದಿನಾ ಎರಡು ಹೊತ್ತು ಬೇಕು."

"ಎರಡ್ ಹೊತ್ತಾ!"

"ಆರೋಗ್ಯಕ್ಕೆ."

"ಎಲ್ರೂ ಹಂಗೇ ಹೇಳೋದು ಬಿಡಿ," ಎಂದು ಅವನು ನಿಟ್ಟುಸಿರಿಟ್ಟ.

ಎಣ್ಣೆಗೆ ಬೆಂಗಳೂರಿನಲ್ಲಿ ಇನ್ನೊಂದು ಅರ್ಥವಿರುವುದನ್ನು ಅವಳ ಕನ್ನಡ ಪುಸ್ತಕ ಮುಚ್ಚಿಟ್ಟಿತ್ತು! ಆಟೋ ನಿಂತದ್ದು ಕಬ್ಬಿಣದ ಜಾಲರಿ ಹಾಕಿದ ಅಂಗಡಿಯ ಮುಂದೆ. ಒಳಗೆ ಬಾಟಲಿಗಳ ಸಾಲು, ಹೊರಗೆ ಗಂಡಸರ ಸಾಲು. ಅಡುಗೆ ಎಣ್ಣೆಗೆ ಇಷ್ಟು ಜನ ಗಂಡಸರೇ ಬರುತ್ತಾರಲ್ಲ, ಎಂಥ ಸಂಸಾರಸ್ಥರ ದೇಶ! ಆನೆಲಿಯ ಎದೆ ತುಂಬಿಬಂತು.

"ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ ಕೊಡಿ!" ಎಂದು ಕೂಗಿದಳು.

 ಮುಂದಿದ್ದ ಬಿಳಿ ಪಂಚೆಯೊಂದು ಹಿಂತಿರುಗಿ ನೋಡಿತು. ಸಾಕ್ಷಾತ್ ಮುನಿನಾರಾಯಣಪ್ಪನವರು! ಕುಡಿತ ಬಿಟ್ಟೆನೆಂದು ಹೆಂಡತಿಗೆ ಭಾಷೆ ಕೊಟ್ಟು, ಸೋಮೇಶ್ವರನ ಗುಡಿಗೆಂದು ಮನೆಯಿಂದ ಹೊರಟಿದ್ದವರು.

"ಅಂಕಲ್! ನೀವೂ ಎಣ್ಣೆಗೆ ಬಂದಿರಾ?"

"ಅಯ್ಯೋ, ಮೆತ್ತಗೆ ಮೇಡಂ!" ಎಂದು ಅವರು ಅವಳನ್ನು ಪಕ್ಕದ ದಿನಸಿ ಅಂಗಡಿಗೆ ಕರೆದೊಯ್ದು, ಕಡಲೆಕಾಯಿ ಎಣ್ಣೆ ಕೊಡಿಸಿ, ಬೆವರು ಒರೆಸಿಕೊಂಡು ಕೈಮುಗಿದರು. "ನಾನ್ ಸಿಕ್ಕಿದ್ನ ನಮ್ಮನೆಯವ್ರಿಗೆ ಹೇಳ್ಬೇಡಿ."

ಮೂರು ತಿಂಗಳ ಕನ್ನಡದ ಕಿವಿಗೆ ಅದು 'ಹೇಳ್ಬಿಡಿ' ಎಂದು ಕೇಳಿಸಿತು. ಕೈಮುಗಿದು ಕೇಳಿದ್ದನ್ನು ಮಾಡದಿದ್ದರೆ ಹೇಗೆ? ಮನೆ ಸೇರಿದವಳೇ ಹೇಳಿಬಿಟ್ಟಳು.

"ಅಂಕಲ್ ಎಣ್ಣೆ ಅಂಗಡಿಯ ಸಾಲಿನಲ್ಲಿ ಸಿಕ್ಕಿದರು ಆಂಟಿ. ನಿಮಗೆ ಹೇಳಿಬಿಡಲು ಹೇಳಿದರು."

ಆಂಜನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಅಂಗಡಿಗೆ ಜಾಲರಿ ಇತ್ತೇನಮ್ಮ?"

"ಇತ್ತು. ತುಂಬಾ ಸುರಕ್ಷಿತ."

ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದ ಗಂಡನನ್ನು ಆಂಜನಮ್ಮ ಹೊಸ್ತಿಲಲ್ಲೇ ತಡೆದರು. "ಸೋಮೇಶ್ವರನ ಗುಡೀಗೆ ಯಾವಾಗ್ರೀ ಜಾಲರಿ ಹಾಕ್ಸಿದ್ರು?"

ಮುಂದಿನದು ಮಹಡಿಗೂ ಚೆನ್ನಾಗಿ ಕೇಳಿಸಿತು. ಬೆಳಿಗ್ಗೆ ಆನೆಲಿ ತಲೆ ತಗ್ಗಿಸಿಕೊಂಡು ಕೆಳಗಿಳಿದಾಗ, ಜಗುಲಿಯ ಮೇಲೆ ಮುನಿನಾರಾಯಣಪ್ಪನವರು ಚಾಪೆ ಸುತ್ತುತ್ತಿದ್ದರು.

"ಕ್ಷಮಿಸಿ ಅಂಕಲ್. ಬೇಡಿ, ಬಿಡಿ ಎರಡೂ ಒಂದೇ ಥರ ಕೇಳಿಸಿತು. ಇನ್ನು ಮೇಲೆ ಕನ್ನಡ ಚೆನ್ನಾಗಿ ಕಲಿಯುತ್ತೇನೆ."

"ಬ್ಯಾಡ ತಾಯಿ!" ಅವರು ಎರಡೂ ಕೈ ಎತ್ತಿ ಮುಗಿದರು. "ಇನ್ನೊಂದ್ ಮಾತು ಕಲಿತ್ರೆ, ನಾನೇ ಬಾಡಿಗೆ ಮನೆ ಹುಡುಕ್ಬೇಕಾಗುತ್ತೆ!"