ಯಾರೂ ಇಲ್ಲದ ಒಂದು ಗುಡ್ಡದ ಫೋಟೋ

ಚಳ್ಳಕೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಹೆಣ್ಣಿನ ಮನೆಗೆ ಕಳಿಸುವ ಗಂಡಿನ ಫೋಟೋ, ಎಲ್ಲವೂ ಆಗುತ್ತದೆ. ಮದುವೆ ಮನೆಯಲ್ಲಿ ಎಡವಟ್ಟಾದರೆ ಅಲ್ಲಿ ಐನೂರು ಜನ ಇರುತ್ತಾರೆ, ಯಾರದಾದರೂ ತಲೆಗೆ ಕಟ್ಟಬಹುದು. ಆದರೆ ಬರೀ ಕಲ್ಲು, ಹುಲ್ಲು ಇರುವ ಕಡೆ ಒಬ್ಬನೇ ಹೋದರೂ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಹೋದ ವರ್ಷ ದಸರಾ ಮುಗಿದ ಮೇಲೆ ಒಂದೇ ಒಂದು ಗುಡ್ಡದ ಫೋಟೋ ತೆಗೆಯಲು ಹೊರಟು ನಾನು ಪಟ್ಟ ಪಾಡು ಹೇಳುತ್ತೇನೆ, ಕೇಳಿ.

೧. ಕೆಂಪೆಲೆ ಪರದೆ

ಸ್ಟುಡಿಯೋದಲ್ಲಿ ಜನರನ್ನು ನಿಲ್ಲಿಸುವ ಗೋಡೆಗೆ ಒಂದು ಪರದೆ ಇತ್ತು. ಅಂಗಡಿ ಶುರು ಮಾಡಿದಾಗ ದಾವಣಗೆರೆಯಿಂದ ತಂದದ್ದು. ಅದರಲ್ಲಿ ಹಿಮದ ಬೆಟ್ಟ, ಒಂದು ಸರೋವರ, ದಂಡೆಯುದ್ದಕ್ಕೂ ಕೆಂಪು ಹಳದಿ ಎಲೆಯ ಮರಗಳು. "ಇದು ಫಾರಿನ್ನಿನ ನ್ಯಾಷನಲ್ ಪಾರ್ಕು, ಚಳಿಗಾಲಕ್ಕೆ ಮುಂಚೆ ಅಲ್ಲಿ ಎಲೆಯೆಲ್ಲ ಹಿಂಗಾಗ್ತಾವೆ" ಎಂದು ಮಾರಿದವನು ಹೇಳಿದ್ದ. ಯಾವ ದೇಶ ಎಂದು ಅವನಿಗೂ ಗೊತ್ತಿರಲಿಲ್ಲ. ನಮ್ಮ ತಾಲೂಕಿನ ಎಷ್ಟೋ ಸಂಸಾರಗಳು ಆ ಬೆಟ್ಟದ ಮುಂದೆ ನಿಂತೇ ಶುರುವಾಗಿವೆ.

ಒಮ್ಮೆ ಶೇಂಗಾ ಬೆಳೆಯುವ ಯಜಮಾನರೊಬ್ಬರು ಫೋಟೋಕ್ಕೆ ಬಂದರು. ಕುರ್ಚಿಯಲ್ಲಿ ಕೂರಿಸಿದರೆ ಕ್ಯಾಮೆರಾ ಬಿಟ್ಟು ಹಿಂದೆ ತಿರುಗಿ ಪರದೆಯನ್ನೇ ನೋಡುತ್ತಿದ್ದಾರೆ.

"ಇತ್ಲಾಗೆ ನೋಡ್ರಿ ಯಜಮಾನ್ರೇ."

"ಈ ಗಿಡಕ್ಕೆಲ್ಲ ಏನ್ ರೋಗ ಬಂದೈತಪ್ಪ?"

"ರೋಗ ಅಲ್ರಿ. ಅಲ್ಲಿ ಈ ಕಾಲಕ್ಕೆ ಎಲೆ ಹಂಗೇ ಆಗ್ತಾವಂತೆ."

ಅವರು ನಂಬಲಿಲ್ಲ. ಎದ್ದು ಹತ್ತಿರ ಹೋಗಿ ಎಲೆಗಳನ್ನು ಒಂದೊಂದಾಗಿ ನೋಡಿದರು. "ನಮ್ಮ ಶೇಂಗಾಕ್ಕೂ ಹೋದ ಸಲ ಹಿಂಗೇ ತುಕ್ಕು ರೋಗ ಹತ್ತಿತ್ತು. ಮೊದ್ಲು ಹಳದಿ, ಆಮೇಲೆ ಕೆಂಪು. ಇಷ್ಟಾಗೋ ಮಟ ಸುಮ್ನೆ ಕುಂತವ್ರಲ್ಲ, ಆ ಊರಾಗೆ ಔಷಧಿ ಹೊಡೆಯೋರೇ ಇಲ್ವಾ?"

ಆ ಫೋಟೋ ಇನ್ನೂ ನನ್ನ ಹತ್ತಿರ ಇದೆ. ಯಜಮಾನರ ಮುಖ, ಬೆಳೆ ಕಳೆದುಕೊಂಡ ನೆಂಟರನ್ನು ಮಾತಾಡಿಸಲು ಹೋದವರ ಮುಖದ ಹಾಗೆ ಬಂದಿದೆ.

ಇಂಥ ಪರದೆ ಕೊನೆಗೊಂದು ದಿನ ಸರೋವರದ ಮಧ್ಯಕ್ಕೆ ಸರಿಯಾಗಿ ಹರಿಯಿತು. ದಪ್ಪಗಿದ್ದವರು ಬಂದರೆ ತೊಂದರೆ ಇರಲಿಲ್ಲ, ಹರಿದದ್ದು ಮುಚ್ಚಿಹೋಗುತ್ತಿತ್ತು. ಸಣ್ಣಗಿದ್ದವರು ಬಂದರೆ, "ಮನೆಯವರನ್ನೂ ಕರ್ಕೊಂಡು ಬರ್ರಿ, ಜೋಡಿ ಫೋಟೋ ಚೆನ್ನಾಗಿರ್ತೈತೆ" ಎಂದು ವಾಪಸ್ ಕಳಿಸುತ್ತಿದ್ದೆ. ಹೀಗೆ ಎಷ್ಟು ದಿನ ನಡೆಯುತ್ತದೆ? ಹೊಸ ಪರದೆ ಬೇಕೇ ಬೇಕಾಯಿತು.

ಆಗ ನನಗೊಂದು ಹುಚ್ಚು ಹಿಡಿಯಿತು. ಯಾವುದೋ ದೇಶದ ಬೆಟ್ಟ ಯಾಕೆ, ನಮ್ಮ ಗುಡ್ಡಕ್ಕೆ ಏನಾಗಿದೆ? ದಸರಾ ಕಳೆದು ದೀಪಾವಳಿ ಬರುವ ನಡುವೆ ಮೊಳಕಾಲ್ಮೂರಿನ ಕಡೆ ಬಂಡೆಗಳ ಸಂದಿನ ಹುಲ್ಲೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಬಿಸಿಲು ಬಿದ್ದರೆ ಕಣ್ಣು ಕೀಳಲು ಮನಸ್ಸಾಗುವುದಿಲ್ಲ. ಹದಿನೈದು ಇಪ್ಪತ್ತು ದಿನದ ವೈಭವ ಅಷ್ಟೇ, ಆಮೇಲೆ ಎಲ್ಲ ಬೂದು. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಒಂದು ಸಲವೂ ಫೋಟೋ ತೆಗೆದಿಲ್ಲ ಎಂದು ಹೊಟ್ಟೆ ಉರಿಯಿತು. ಅದನ್ನೇ ಗೋಡೆಯಷ್ಟು ದೊಡ್ಡ ಫ್ಲೆಕ್ಸ್ ಮಾಡಿಸಿ ಹಾಕುವುದು ಎಂದುಕೊಂಡೆ. ಒಂದೇ ಷರತ್ತು, ಅದರಲ್ಲಿ ಮನುಷ್ಯರು ಇರಬಾರದು. ನಿಲ್ಲುವವರು ಹೇಗೂ ಮುಂದೆ ಬಂದು ನಿಲ್ಲುತ್ತಾರಲ್ಲ.

ಕೌಂಟರಿನಲ್ಲಿ ಕೂತು ಆಲ್ಬಮ್ ನೋಡಿಕೊಳ್ಳುವ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಳು. "ದಿನಾ ನೋಡೋ ಕಲ್ಲಿನ ಮುಂದೆ ನಿಂತ್ಕಳಾಕೆ ಯಾರ್ರೀ ಸ್ಟುಡಿಯೋಕ್ಕೆ ಬರ್ತಾರೆ? ತುಳಸಿ ಹಬ್ಬ ಆದ್ರೆ ಮದುವೆ ಸೀಜನ್ ಶುರು. ಅಷ್ಟರಾಗೆ ನಿಮ್ಮ ಗುಡ್ಡ ಬಂತೋ ಸರಿ, ಇಲ್ಲ ಅಂದ್ರೆ ಕೆಂಪೆಲೇದೇ ಇನ್ನೊಂದು ತರಿಸ್ತೀನಿ" ಎಂದಳು. ಅವಳು ತರಿಸುತ್ತೇನೆ ಎಂದರೆ ತರಿಸುತ್ತಾಳೆ.

೨. ಮೂರು ಗುಳಿ

ನನಗೆ ಸೊಂಟ ನೋವು, ದೂರ ಬೈಕ್ ಓಡಿಸಲಾರೆ. ಬಸ್ ಸ್ಟ್ಯಾಂಡ್ ಹತ್ತಿರ ಗ್ಯಾರೇಜ್ ಇಟ್ಟಿರುವ ಸಾಬರು ನನ್ನ ಹಳೇ ಗೆಳೆಯರು. ರಿಪೇರಿಗೆ ಬಂದ ಬೈಕನ್ನು ಟ್ರಯಲ್ ನೋಡುವ ನೆಪದಲ್ಲಿ ಅವರು ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಮೊದಲ ದಿನ ಬಿ.ಜಿ. ಕೆರೆ ಕಡೆ ಹೋದೆವು. ಒಂದು ಹೊಲದಲ್ಲಿ ಟ್ರೈಪಾಡ್ ನಿಲ್ಲಿಸಿ, ಅದರ ಮೇಲೆ ಕ್ಯಾಮೆರಾ ಕೂರಿಸಿ, ದೂರದ ಗುಡ್ಡಕ್ಕೆ ಗುರಿ ಇಟ್ಟೆ.

ಐದು ನಿಮಿಷಕ್ಕೆ ಒಬ್ಬ ಬಂದ. ಹತ್ತು ನಿಮಿಷಕ್ಕೆ ಎಂಟು ಜನ ಆದರು. ನಮ್ಮ ಕಡೆ ಮೂರು ಕಾಲಿನ ಸ್ಟ್ಯಾಂಡು ಹೊಲಕ್ಕೆ ಬಂತು ಎಂದರೆ ಸರ್ವೆ ಬಂತು ಎಂದೇ ಲೆಕ್ಕ. ಗಾಳಿ ಯಂತ್ರದ ಕಂಪನಿಯವರು ಹಾಗೇ ಬಂದು, ಹಾಗೇ ನೋಡಿ, ಕಂಬ ಎಲ್ಲಿ ಎಂದು ಗುರುತು ಮಾಡಿ ಹೋಗುತ್ತಾರೆ. ಕಂಬ ಬಿದ್ದ ಹೊಲದವನಿಗೆ ಕೈತುಂಬ ದುಡ್ಡು. ಹೊಲದ ರೈತ ಆಗಲೇ ಮನೆಗೆ ಓಡಿ ಪಹಣಿ ತಂದಿದ್ದ.

"ಸಾರ್, ಕಂಬ ಇಲ್ಲೇ ಬರ್ಲಿ. ಅಣ್ಣನ ಹೊಲದ ಕಡೆ ನೋಡ್ಲೇಬ್ಯಾಡ್ರಿ, ಅಲ್ಲಿ ಗಾಳಿನೇ ಬರಲ್ಲ."

ಪಕ್ಕದಲ್ಲೇ ನಿಂತಿದ್ದ ಅಣ್ಣ, "ಲೇ, ನಿನ್ನ ಹೊಲಕ್ಕೆ ಬರೋ ಗಾಳಿ ನನ್ನ ಹೊಲ ದಾಟೇ ಬರಬೇಕು" ಎಂದ.

ನಾನು ಕೈ ಮುಗಿದು, "ಸರ್ವೆ ಅಲ್ರಪ್ಪ, ಹುಲ್ಲಿನ ಫೋಟೋ ತೆಗೀತಿದೀನಿ" ಎಂದೆ.

ಎಂಟೂ ಜನ ಒಟ್ಟಿಗೆ ನಕ್ಕರು. "ಹೋದ ಸಲ ಬಂದೋರೂ ಸುಮ್ನೆ ನೋಡ್ತಿದೀವಿ ಅಂತಾನೇ ಅಂದಿದ್ರು" ಎಂದ ಒಬ್ಬ. ಅಣ್ಣ ತಮ್ಮಂದಿರು ಗುಡ್ಡಕ್ಕೆ ಅಡ್ಡ ನಿಂತು ಜಗಳಕ್ಕೆ ಬಿದ್ದರು. ಬಿಸಿಲು ಏರಿತು. ಕ್ಯಾಮೆರಾ ಮಡಚಿಕೊಂಡು ಬಂದೆವು.

ವಾರ ಬಿಟ್ಟು ಅದೇ ದಾರಿಯಲ್ಲಿ ಹೋಗುವಾಗ ನೋಡಿದೆ. ಕಡಲೆ ಬಿತ್ತನೆಗೆ ಹೊಲ ಪೂರ್ತಿ ಉತ್ತಾಗಿತ್ತು. ನಡುವೆ ಮಂಚದಷ್ಟು ಜಾಗ ಮಾತ್ರ ಆ ರೈತ ಹಾಗೇ ಬಿಟ್ಟಿದ್ದ. ನನ್ನ ಟ್ರೈಪಾಡಿನ ಮೂರು ಕಾಲು ಊರಿದ್ದ ಮೂರು ಗುಳಿಗೆ ಮೂರು ಕಲ್ಲಿಟ್ಟು ಸುಣ್ಣ ಬಳಿದಿದ್ದ.

೩. ಇದೊಂದು ಇರ್ಲಿ

ಎರಡನೇ ಸಲ ವರವು ಕಾವಲಿನ ಹುಲ್ಲುಗಾವಲು ನೋಡೋಣ ಎಂದು ಹೊರಟೆವು. ದಾರಿಯಲ್ಲಿ ಯಾವುದೋ ಸರ್ಕಾರಿ ಜಾಗದ ಉದ್ದನೆ ತಂತಿ ಬೇಲಿ. ಬೇಲಿಯ ಆಚೆ ಬಂಗಾರದಂಥ ಹುಲ್ಲು ತೂಗುತ್ತಿತ್ತು. ರಸ್ತೆಯಲ್ಲೇ ನಿಂತು ಏಳೆಂಟು ಫೋಟೋ ಹೊಡೆದೆ. ಒಳಗಿನಿಂದ ವಾಚ್‌ಮನ್ ಒಬ್ಬರು ಕೋಲು ಬೀಸುತ್ತಾ ಬಂದರು.

"ಇಲ್ಲಿ ಫೋಟೋ ತೆಗೆಯಂಗಿಲ್ಲ. ಬೋರ್ಡ್ ಕಾಣಲ್ವಾ? ಎಲ್ಲಾ ಅಳಿಸ್ರಿ, ನನ್ನ ಕಣ್ಣೆದುರಿಗೇ ಅಳಿಸ್ರಿ."

ಬೋರ್ಡ್ ನಿಜವಾಗಿಯೂ ಇತ್ತು, ನಾನು ಹುಲ್ಲು ನೋಡುವ ಭರದಲ್ಲಿ ನೋಡಿರಲಿಲ್ಲ. ತಪ್ಪು ನನ್ನದೇ. ಒಂದೊಂದಾಗಿ ತೋರಿಸುತ್ತಾ ಅಳಿಸಿದೆ. ಅವರು ಬಗ್ಗಿ ನೋಡುತ್ತಾ "ಇದೂ ಅಳಿಸ್ರಿ, ಇದೂ ಅಳಿಸ್ರಿ" ಎನ್ನುತ್ತಿದ್ದರು. ಕೊನೆಯದಕ್ಕೆ ಬಂದಾಗ ನನ್ನ ಕೈ ಹಿಡಿದುಕೊಂಡರು. ಅದರಲ್ಲಿ ಹುಲ್ಲಿನ ನಡುವೆ ಅವರೇ ಕೋಲು ಹಿಡಿದು ಬರುತ್ತಿದ್ದರು.

ಸ್ವಲ್ಪ ಹೊತ್ತು ನೋಡಿದರು. ದನಿ ತಗ್ಗಿಸಿ, "ನಡಿಗೆ ಚೆನ್ನಾಗಿ ಬಂದೈತೆ. ಹಿಂದೆ ಕಾಣೋ ಹುಲ್ಲೊಂದು ಅಳಿಸಿ, ನನ್ನ ಮಾತ್ರ ಉಳಿಸಾಕೆ ಆಗಲ್ವಾ?" ಎಂದರು.

೪. ಗುಡ್ಡಕ್ಕೆ ಯಾರು?

ದೀಪಾವಳಿಯೂ ಬಂತು. ಹುಲ್ಲು ಬಣ್ಣ ಕಳೆದುಕೊಳ್ಳಲು ಶುರುವಾಗಿತ್ತು. ಹೆಂಡತಿ ಆಗಲೇ ಫ್ಲೆಕ್ಸ್ ಅಂಗಡಿಯಿಂದ ಕೆಂಪೆಲೆಯ ಸ್ಯಾಂಪಲ್ಲು ತರಿಸಿ ಕೌಂಟರಿನ ಮೇಲೆ ಇಟ್ಟಿದ್ದಳು. ನನಗೆ ನಿಜವಾಗಿ ದುಃಖವಾಯಿತು. ಇನ್ನೊಂದು ಬೆಳಿಗ್ಗೆ ಎಂದು ಸಾಬರನ್ನು ಎಬ್ಬಿಸಿಕೊಂಡು ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದ ಗುಡ್ಡಕ್ಕೆ ಹೋದೆ.

ಅಂಥ ಬೆಳಕು ನಾನು ಕಂಡಿರಲಿಲ್ಲ. ಇಳಿಜಾರಿನ ಹುಲ್ಲೆಲ್ಲ ಹೊಳೆಯುತ್ತಿತ್ತು. ನಡುವೆ ದೊಡ್ಡ ಕರಿಬಂಡೆಗಳು. ಆದರೆ ಸರಿಯಾಗಿ ಮಧ್ಯದಲ್ಲಿ ಕರಿ ಕಂಬಳಿ ಹೊದ್ದ ಕುರಿಗಾಹಿ ಯಜಮಾನರೊಬ್ಬರು, ಸುತ್ತ ಅವರ ಕುರಿ. ಹತ್ತಿರ ಹೋಗಿ ಬೇಡಿಕೊಂಡೆ.

"ಯಜಮಾನ್ರೇ, ಹತ್ತು ನಿಮಿಷ ಕುರಿ ಹೊಡ್ಕೊಂಡು ಬಂಡೆ ಹಿಂದಕ್ಕೆ ಹೋಗ್ರಿ. ಯಾರೂ ಇಲ್ದಿರೋ ಫೋಟೋ ಬೇಕು."

"ಯಾರೂ ಇಲ್ದಿದ್ರೆ ಅದೇನು ಫೋಟೋ ಸಾರ್? ಊರು ಬಿಟ್ಟು ಹೋದಂಗೆ ಕಾಣ್ತೈತೆ."

ಪರದೆಯ ವಿಷಯ ವಿವರಿಸಿದೆ. ಇದನ್ನು ದೊಡ್ಡದು ಮಾಡಿ ಗೋಡೆಗೆ ಹಾಕುತ್ತೇವೆ, ಮುಂದೆ ಮದುವೆ ಗಂಡುಗಳು ನಿಲ್ಲುತ್ತಾರೆ ಎಂದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. "ಸರೇ ಸರೇ. ಮುಂದಕ್ಕೆ ಅವ್ರಿರ್ತಾರೆ. ಗುಡ್ಡಕ್ಕೆ ಯಾರು?" ಎಂದರು. ಬೆಳಕು ಹೋಗುತ್ತದೆ ಎಂದು ಅವಸರ ಮಾಡಿದೆ. ಅವರು ಕುರಿ ಹೊಡೆದುಕೊಂಡು ಬಂಡೆಗಳ ಹಿಂದೆ ಹೋದರು.

ತೆಗೆದೆ. ಹುಲ್ಲು, ಆಕಾಶ, ಸಾಲಾಗಿ ಮೂರು ದೊಡ್ಡ ಬಂಡೆ, ಪಕ್ಕದಲ್ಲೊಂದು ಚಿಕ್ಕ ಕರಿಬಂಡೆ. ಎಲ್ಲ ಹೇಳಿ ಮಾಡಿಸಿದಂತೆ ಕೂತಿತ್ತು. ಬೈಕಿನಲ್ಲಿ ವಾಪಸ್ ಬರುವಾಗ ನಾನು ಹಾಡು ಹೇಳಿದೆನಂತೆ, ಸಾಬರು ಇವತ್ತಿಗೂ ಹಂಗಿಸುತ್ತಾರೆ.

೫. ಎಲ್ಲರ ದೊಡ್ಡಪ್ಪ

ತುಳಸಿ ಹಬ್ಬಕ್ಕೆ ಮೊದಲೇ ಫ್ಲೆಕ್ಸ್ ಗೋಡೆ ಏರಿತು. ಹೆಂಡತಿ ಎರಡು ಸಲ ನೋಡಿ, "ಕಲ್ಲೇನೋ ಚೆನ್ನಾಗದಾವೆ" ಎಂದಳು. ಅವಳ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು. ಕೆಂಪೆಲೆಯ ಸ್ಯಾಂಪಲ್ಲು ಮಾತ್ರ ಕೌಂಟರಿನಲ್ಲೇ ಇತ್ತು. ಮದುವೆ ಗಂಡುಗಳು ಬಂದರು, ನಿಂತರು, ಹೋದರು.

ಮೂರನೇ ವಾರ ಮದುವೆ ಬ್ರೋಕರ್ ಒಬ್ಬರು ಮುಖ ಕೆಂಪು ಮಾಡಿಕೊಂಡು ಬಂದರು. ನನಗೆ ಅರ್ಧ ಗಿರಾಕಿ ಕಳಿಸುವವರೇ ಅವರು. ಮೊಬೈಲಿನಲ್ಲಿ ಮೂರು ಹುಡುಗರ ಫೋಟೋ ತೋರಿಸಿದರು.

"ಇವ್ನು ಚಳ್ಳಕೆರೆಯೋನು. ಇವ್ನು ನಾಯಕನಹಟ್ಟಿ ಕಡೆಯೋನು. ಇವ್ನು ರಾಂಪುರದೋನು. ಒಬ್ರಿಗೊಬ್ರು ಗುರ್ತೇ ಇಲ್ಲ. ಮೂರೂ ಫೋಟೋ ರಾಯದುರ್ಗದಾಗೆ ಒಂದು ಹೆಣ್ಣಿನ ಮನೆಗೆ ಕಳಿಸಿದ್ದೆ. ಹೆಣ್ಣಿನ ತಾಯಿ, ಗಂಡಿನ ತಲೆಕೂದ್ಲು ಅಸಲಿನೋ ಅಲ್ವೋ ಅಂತ ಮೊಬೈಲಾಗೆ ಫೋಟೋನ ಎರಡು ಬೆರಳಾಗೆ ಎಳೆದು ಹಿಗ್ಗಿಸಿ ನೋಡವ್ಳೆ. ಈಗ ಕೇಳ್ತಾಳೆ, ಮೂರು ಹುಡುಗ್ರ ಹಿಂದೆಯೂ ನಿಂತು ನೋಡ್ತಾ ಇರೋ ಆ ಹಿರಿಯರು ಯಾರು ಅಂತ. ಏನ್ ಹೇಳ್ಲಿ ನಾನು?"

ನಾನು ಲೈಟು ಹಾಕಿಕೊಂಡು ಗೋಡೆಯ ಹತ್ತಿರ ಹೋದೆ. ಆ ಚಿಕ್ಕ ಕರಿಬಂಡೆಗೆ ಮೀಸೆ ಇತ್ತು. ಕಂಬಳಿ ಹೊದ್ದು, ಎರಡೂ ಕೈ ಪಕ್ಕಕ್ಕೆ ಬಿಟ್ಟು, ನೆಟ್ಟಗೆ ನಿಂತು, ಕಣ್ಣು ಪಿಳುಕಿಸದೆ ಕ್ಯಾಮೆರಾವನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಯಾವ ಗಿರಾಕಿಯೂ ನನಗೆ ಅಷ್ಟು ಚೆನ್ನಾಗಿ ನಿಂತುಕೊಟ್ಟಿಲ್ಲ.

"ಆಯಮ್ಮ ಹೇಳವ್ಳೆ," ಎಂದರು ಬ್ರೋಕರ್, "ಹುಡುಗ್ರು ಯಾರಾದ್ರೂ ಸರಿ, ಆ ಕಂಬಳಿ ಯಜಮಾನ್ರು ಬಂದು ಮಾತು ಕೊಟ್ರೆ ಸಾಕಂತೆ. ಅವ್ರ ಮುಖದಾಗೆ ಗೌರವ ಐತಂತೆ."

ಹೆಂಡತಿ ಕೌಂಟರಿನಿಂದ ಸ್ಯಾಂಪಲ್ಲು ಎತ್ತಿ ಗಾಳಿ ಬೀಸಿಕೊಳ್ಳುತ್ತಾ ನನ್ನನ್ನೇ ನೋಡಿದಳು. ನನ್ನ ಗುಡ್ಡ ಗೋಡೆ ಇಳಿಯುವ ಹೊತ್ತು ಬಂತು ಎಂದುಕೊಂಡೆ.

ಮಾರನೇ ದಿನವೇ ಸಿದ್ದಾಪುರಕ್ಕೆ ಹೋಗಿ ಯಜಮಾನರನ್ನು ಹುಡುಕಿದೆ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವರಿಗೆ ತಪ್ಪು ಮಾಡಿದ ಭಾವನೆಯೇ ಇರಲಿಲ್ಲ. "ಗುಡ್ಡ ಒಂದೇ ನಿಂತಿತ್ತಲ್ಲ ಸಾರ್, ಪಾಪ ಅನ್ನಿಸ್ತು" ಎಂದರು. ಅಂಗಡಿಗೆ ಬಂದು ನಿಮ್ಮ ಫೋಟೋ ನೀವೇ ನೋಡಿ ಹೋಗಿ ಎಂದು ಹೇಳಿ ಬಂದೆ.

ಸೋಮವಾರ ಅವರು ಹೆಂಡತಿಯನ್ನೂ ಕರೆದುಕೊಂಡು ಬಂದರು. ಆಯಮ್ಮ ಹೊಸ ಸೀರೆ ಉಟ್ಟು ತಲೆ ತುಂಬ ಹೂ ಮುಡಿದಿದ್ದರು. ಮದುವೆಯಾಗಿ ಮೂವತ್ತು ವರ್ಷವಾಗಿದ್ದರೂ ಜೋಡಿ ಫೋಟೋ ಒಂದೂ ಇರಲಿಲ್ಲವಂತೆ. ಯಜಮಾನರು ಫ್ಲೆಕ್ಸಿನ ಮುಂದೆ ಬಹಳ ಹೊತ್ತು ನಿಂತರು. ತಮ್ಮನ್ನು ತಾವು ಬೆರಳಿನಿಂದ ಮುಟ್ಟಿ ನೋಡಿದರು. ನನ್ನ ಹೆಂಡತಿ ಕೌಂಟರಿನಲ್ಲಿದ್ದ ಸ್ಯಾಂಪಲ್ಲನ್ನು ಮಡಚಿ ಕಸದ ಬುಟ್ಟಿಗೆ ಹಾಕಿ, "ಇಬ್ಬರಿಗೂ ಕುರ್ಚಿ ಹಾಕ್ರಿ" ಎಂದಳು.

ನಾನು ಎರಡು ಕುರ್ಚಿ ಹಾಕಿದೆ. ಯಜಮಾನರು ಎರಡನ್ನೂ ಎತ್ತಿ ಪಕ್ಕಕ್ಕಿಟ್ಟರು. ತಮ್ಮ ಹೆಂಡತಿಯನ್ನು ಭುಜ ಹಿಡಿದು ಒಂದು ಹೆಜ್ಜೆ ಬಲಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ ಸರಿಸಿ, ಆ ಚಿಕ್ಕ ಕರಿಬಂಡೆಯ ಪಕ್ಕಕ್ಕೆ ಸರಿಯಾಗಿ ನಿಲ್ಲಿಸಿದರು. ಆಮೇಲೆ ನನ್ನ ಕಡೆ ಬಂದು, ಕ್ಯಾಮೆರಾ ಪಕ್ಕ ಕೈ ಕಟ್ಟಿ ನಿಂತರು.

"ಇನ್ನು ತೆಗೀರಿ ಸಾರ್," ಎಂದರು. "ನಾನು ಹೆಂಗೂ ಆಗ್ಲೇ ಬಂದು ನಿಂತಿದೀನಿ."