ಹದಿನಾಲ್ಕು ನಾಯಿಗಳ ಮೂಲ

ಅನುಮಾನ ನನ್ನ ಹುಟ್ಟುಗುಣ. ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಕ್ಯಾಲೆಂಡರಿನೊಡನೆ ತಾಳೆ ನೋಡಿ, ಆ ಕ್ಯಾಲೆಂಡರ್ ಈ ವರ್ಷದ್ದೇ ಹೌದೋ ಎಂದೂ ನೋಡುವವನು ನಾನು. "ಸಾಲಿ ಬಿಟ್ಟು ಪೊಲೀಸ್ ಠಾಣೇಕ ಸೇರಬೇಕಾಗಿತ್ತು ನೀವು" ಎನ್ನುತ್ತಾಳೆ ಹೆಂಡತಿ. ಅದು ಹೊಗಳಿಕೆಯೇ ಎಂಬುದರ ಮೇಲೂ ನನಗೆ ಅನುಮಾನವಿದೆ.

ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ನಾನು ಹತ್ತನೆಯ ತರಗತಿಗೆ 'ಬೀದಿನಾಯಿಗಳನ್ನು ಊರಾಚೆ ಸಾಗಿಸಬೇಕೇ?' ಎಂಬ ಚರ್ಚಾ ಪ್ರಬಂಧ ಕೊಟ್ಟಿದ್ದೆ. "ಮೊಬೈಲ್‌ನ್ಯಾಗ ಬಂದದ್ದೆಲ್ಲಾ ಬರೀಬ್ಯಾಡ್ರಿ. ಯಾರ ಹೇಳಿದ್ರು, ಅವರಿಗೆ ಯಾರ ಹೇಳಿದ್ರು, ಬೆನ್ನಹತ್ತಿ ಕೇಳ್ರಿ" ಎಂದು ಬುದ್ಧಿ ಹೇಳಿ, ಹುರುಪಿನಲ್ಲಿ ಮಾದರಿ ಪ್ರಬಂಧವೊಂದನ್ನು ನಾನೇ ಬರೆದು ಓದುವುದಾಗಿಯೂ ಮಾತು ಕೊಟ್ಟುಬಿಟ್ಟೆ. ಸಾಗಿಸಬೇಕು ಎಂಬ ಪಕ್ಷ ನನ್ನದು. ಸಾಕ್ಷಿ ಮಾತ್ರ ಇರಲಿಲ್ಲ.

ವಿಜ್ಞಾನ ಕಲಿಸುವ ಸುನಂದಾ ಬಾಯಿಯವರು ಒದಗಿಸಿದರು. "ಅಮ್ಮಿನಬಾವಿ ಹಾದ್ಯಾಗ ಹದಿನಾಲ್ಕು ನಾಯಿ ಒಬ್ಬ ಸಾಹೇಬ್ರನ್ನ ಬೆನ್ನ ಹತ್ತಿದ್ವಂತ್ರಿ. ಪಾಪ, ಮಧ್ಯಾಹ್ನದ ತನಕ ಬೇವಿನ ಗಿಡದ ಮ್ಯಾಲೇ ಕುಂತಿದ್ರಂತ!"

ಬರೆಯುತ್ತಿದ್ದ ಪೆನ್ನು ನಿಂತಿತು. ಹದಿಮೂರಲ್ಲ, ಹದಿನೈದಲ್ಲ, ಎಣಿಸಿದವರು ಯಾರು? ಗಿಡದ ಮೇಲಿದ್ದವರೇ?

ಸುನಂದಾ ಬಾಯಿಯವರಿಗೆ ಹೇಳಿದ್ದು ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಮಾರುವ ಶಾಂತವ್ವ. ಸಂಜೆ ಅಲ್ಲಿಗೆ ಹೋದೆ. ಶಾಂತವ್ವ ಮೆಂತೆ ಸೂಡಿಗೆ ನೀರು ಚಿಮುಕಿಸುತ್ತ, "ಹದಿನಾಕಲ್ರೀ, ಎಂಟು. ಗಿಡಾನೂ ಅಲ್ಲ, ಗ್ವಾಡಿ. ರಾಯಾಪುರದ ಮೆಕ್ಯಾನಿಕ್ ಮೆಹಬೂಬಣ್ಣ ಹೇಳಿದ್ದು" ಎಂದಳು. ಮೂಲದ ಹತ್ತಿರ ಹೋದಂತೆ ನಾಯಿಗಳು ಕಡಿಮೆಯಾಗುತ್ತಿದ್ದವು. ಪತ್ತೇದಾರನ ಹೆಮ್ಮೆಯಿಂದ ರಾಯಾಪುರದ ದಾರಿ ಹಿಡಿದೆ.

ಮೆಹಬೂಬ್ ನನ್ನ ಸ್ಕೂಟರನ್ನೂ ರಿಪೇರಿ ಮಾಡುವವನು. ಪ್ರಶ್ನೆ ಕೇಳಿ ನನ್ನನ್ನೇ ಅನುಮಾನದಿಂದ ನೋಡಿದ. "ಪರೀಕ್ಷಾ ಮಾಡಾಕತ್ತೀರೇನ್ರಿ ಸರ? ನೀವ ಹೇಳಿದ್ದಲ್ರಿ! ಹೋದ ತಿಂಗಳ ಹ್ಯಾಂಡಲ್ ಸೊಟ್ಟ ಮಾಡ್ಕೊಂಡು ಬಂದಾಗ. ನಾಕು ನಾಯಿ ಬೆನ್ನ ಹತ್ತಿದ್ವು, ಗ್ವಾಡಿ ಜಿಗದೆ ಅಂದ್ರಿ."

ಓದುಗರಿಗೆ ಸುಳ್ಳು ಹೇಳಲಾರೆ. ಅಂದು ಅಮ್ಮಿನಬಾವಿ ಹಾದಿಯಲ್ಲಿ ಇದ್ದದ್ದು ಒಂದೇ ನಾಯಿ. ಅದೂ ನೆರಳಲ್ಲಿ ಮಲಗಿತ್ತು. ನಾನು ಹಾದುಹೋಗುವಾಗ ಒಮ್ಮೆ ಬಾಯಿ ತೆರೆದು ಆಕಳಿಸಿತು. ನಾನು ಹೆದರಿ ಸ್ಕೂಟರನ್ನು ಗೋಡೆಗೆ ಗುದ್ದಿದೆ. ಆಕಳಿಕೆಯಿಂದ ಹ್ಯಾಂಡಲ್ ಸೊಟ್ಟಗಾಯಿತೆಂದು ಗ್ಯಾರೇಜಿನಲ್ಲಿ ನಾಲ್ಕು ಜನರೆದುರು ಹೇಳುವುದು ಹೇಗೆ?

ಮರುದಿನ ಆ ಘಟನೆಯನ್ನು ಬಿಟ್ಟು ಪ್ರಬಂಧ ಓದಿದೆ. ಮೊದಲ ಬೆಂಚಿನ ರುಬಿನಾ ಎದ್ದು ನಿಂತಳು.

"ಸರ, ಅಮ್ಮಿನಬಾವಿ ಹಾದ್ಯಾಗ ಇಪ್ಪತ್ತು ನಾಯಿ ಬೆನ್ನ ಹತ್ತಿದ್ದು ಬರೀಲೇ ಇಲ್ಲಲ್ರಿ?"

"ಮೂಲ ಹುಡುಕಿದೆನವಾ. ಆ ಮನಶಾನ ಮಾತು ನಂಬೂ ಹಂಗಿಲ್ಲ."

"ಅವರ ಮುಖಾ ನೋಡಿ ಕೇಳಿದ್ರೇನ್ರಿ?"

"ಹೂಂ. ಇವತ್ತ ಮುಂಜಾನೆ, ದಾಡಿ ಮಾಡ್ಕೊಳ್ಳುವಾಗ."

ತರಗತಿ ನಕ್ಕಿತು. ರುಬಿನಾ ಮಾತ್ರ ನಗದೆ ವಹಿಯಲ್ಲಿ ಏನೋ ಬರೆದುಕೊಂಡಳು. ಅವಳ ಪ್ರಬಂಧ ಈಗ ನನ್ನ ಮೇಜಿನ ಮೇಲಿದೆ. ಮೂರು ದಿನವಾಯಿತು, ತೆರೆಯಲು ಧೈರ್ಯವಾಗುತ್ತಿಲ್ಲ.